ಅಮಲು ಮತ್ತು ಮಾಮೂಲು

'ಅಧಿಕಾರದ ಅಮಲು ನೆತ್ತಿಗೇರಿದೆ' ಎಂಬ ಮಾತು ಚುನಾವಣೆ ಹತ್ತಿರವಾದಾಗಲೆಲ್ಲ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡಾಡುತ್ತದೆ. ಹೇಳುವವರಿಗೂ ಕೇಳುವವರಿಗೂ ಅದೊಂದು ರೂಪಕ. ಕುಡಿದವನಿಗೆ ಏರುವಂಥದ್ದು ಕುರ್ಚಿ ಸಿಕ್ಕವನಿಗೂ ಏರಿದೆ ಎಂಬುದು ತಾತ್ಪರ್ಯ. ಪದದ ಚರಿತ್ರೆ ನೋಡಿದರೆ ಕ್ರಮ ತಿರುವುಮುರುವಾಗಿದೆ. ಅಮಲು ಮೊದಲು ಕೂತದ್ದು ಕುರ್ಚಿಯಲ್ಲೇ. ಬಾಟಲಿಗೆ ಇಳಿದದ್ದು ಆಮೇಲೆ. ಈ ಇಳಿದಾರಿಯನ್ನು ಹಿಡಿದು ಹೋದರೆ ಶ್ರೀರಂಗಪಟ್ಟಣದ ಕೋಟೆ ಸಿಗುತ್ತದೆ, ತಾಲ್ಲೂಕು ಕಚೇರಿ ಸಿಗುತ್ತದೆ, ಕೊನೆಗೆ ಸಿನಿಮಾ ಪರದೆಯೂ ಸಿಗುತ್ತದೆ.

ಮೊದಲು ಒಂದು ಅಡ್ಡದಾರಿಯನ್ನು ಮುಚ್ಚಬೇಕು. ಸಂಸ್ಕೃತದಲ್ಲಿ 'ಅಮಲ' ಎಂಬ ಮಾತಿದೆ. ಮಲವಿಲ್ಲದ್ದು, ನಿರ್ಮಲವಾದದ್ದು ಎಂದರ್ಥ. ಹೆಣ್ಣುಮಕ್ಕಳಿಗೆ ಅಮಲಾ ಎಂದು ಹೆಸರಿಡುವುದು ಅದರಿಂದ. ನಾವು ಹಿಂಬಾಲಿಸುತ್ತಿರುವ ಅಮಲಿಗೂ ಅದಕ್ಕೂ ನಂಟಿಲ್ಲ. ಇದು ಅರಬ್ಬಿಯ 'ಅಮಲ್'. ಅಲ್ಲಿ ಅದಕ್ಕೆ ಮಾಡುವುದು, ಕೆಲಸ, ಕ್ರಿಯೆ ಎಂಬ ಸಾದಾ ಅರ್ಥ. ದೊರೆಯ ಪರವಾಗಿ ಕೆಲಸ ನಡೆಸುವವನು 'ಆಮಿಲ್'. ಪಾರಸಿ ಭಾಷೆ ಈ ಪದವನ್ನು ಎತ್ತಿಕೊಂಡು, ತನ್ನ '-ದಾರ್' ಪ್ರತ್ಯಯವನ್ನು ಬೆನ್ನಿಗಂಟಿಸಿ, 'ಅಮಲ್ದಾರ್' ಮಾಡಿತು. ಅಮಲು ಉಳ್ಳವನು, ಎಂದರೆ ಆಡಳಿತ ಕೈಲಿರುವವನು.

ಪಾರಸಿ ಕನ್ನಡನಾಡಿಗೆ ಬಂದ ಬಾಗಿಲುಗಳು ಹಲವು. ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು, 1687ರ ಬಳಿಕ ಶಿರಾದಲ್ಲಿ ನೆಲೆನಿಂತ ಮೊಗಲರ ಸುಬಾ, ಎಲ್ಲಕ್ಕಿಂತ ಮಿಗಿಲಾಗಿ ಹೈದರ್ ಮತ್ತು ಟಿಪ್ಪು. ತಾಲ್ಲೂಕು, ಜಿಲ್ಲೆ, ಜಮೀನು, ದಾಖಲೆ, ರುಜು, ವಾರಸುದಾರ ಇವೆಲ್ಲ ಹೀಗೆ ಕಚೇರಿಯ ಬಾಗಿಲಿನಿಂದ ಒಳಬಂದು ಹಟ್ಟಿಯವರೆಗೂ ನಡೆದ ಪದಗಳು. ಇಂಥ ಪದಗಳನ್ನು ಕಲೆಹಾಕಿ 'ಎರವಲು ಪದಕೋಶ' ಮಾಡಿದವರು ಜಿ. ವೆಂಕಟಸುಬ್ಬಯ್ಯ (1913–2021). ಅವರ ಹೆಸರಿನ ಮುಂದಿನ 'ಜಿ' ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂ. ಓದುಗರ ಪ್ರಶ್ನೆಗೆ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಉತ್ತರ ಬರೆದು, ಪದದ ಮೂಲ ಕೇಳುವ ಚಟವನ್ನು ಕನ್ನಡಿಗರಿಗೆ ಹತ್ತಿಸಿದವರು ಅವರೇ.

ಗಂಜಾಂನಿಂದ ಕೋಟೆಯೊಳಕ್ಕೆ ಹೋದರೆ ನಮ್ಮ ಪದದ ಯೌವನ ಕಾಣುತ್ತದೆ. ಟಿಪ್ಪು ತನ್ನ ರಾಜ್ಯವನ್ನು ಅಸಫಿಗಳೆಂಬ ಪ್ರಾಂತ್ಯಗಳಾಗಿ, ಅಸಫಿಗಳನ್ನು ಅಮಲ್ದಾರಿಗಳಾಗಿ ಹಂಚಿದ್ದ. ಕಂದಾಯ ಎತ್ತುವುದು, ಕೆರೆ ಕಟ್ಟೆ ನೋಡುವುದು, ಹುಜೂರಿನ ಹುಕುಮನ್ನು ಊರಿಗೆ ಮುಟ್ಟಿಸುವುದು ಅಮಲ್ದಾರನ ಹೊಣೆ. ಆ ಹುಕುಮುಗಳಲ್ಲಿ ಮದ್ಯ ನಿಷೇಧವೂ ಒಂದು. ಇಂದಿನ ಕಿವಿಗೆ ಇದು ತಮಾಷೆಯಾಗಿ ಕೇಳೀತು: ಅಮಲು ಇಳಿಸಲು ಅಮಲ್ದಾರ ಹೊರಟಿದ್ದ. ಟಿಪ್ಪು 1799ರಲ್ಲಿ ಬಿದ್ದ ಮೇಲೂ ಪದವಿ ಬೀಳಲಿಲ್ಲ. ದಿವಾನ್ ಪೂರ್ಣಯ್ಯನವರ ಆಡಳಿತ ಅದನ್ನು ಉಳಿಸಿಕೊಂಡಿತು. ಮೈಸೂರು ಸಂಸ್ಥಾನದ ಉದ್ದಕ್ಕೂ ತಾಲ್ಲೂಕಿಗೆ ದೊರೆಯೆಂದರೆ ಅಮಲ್ದಾರ. ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆ ಎಂಬ ಹೆಸರಿದ್ದಾಗ, ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದಾಗ, ಊರವರು ಕೈಮುಗಿದು ನಿಲ್ಲುತ್ತಿದ್ದದ್ದು 'ಅಮಲ್ದಾರ್ರ' ಮುಂದೆ. ಆ ಹುದ್ದೆಯಲ್ಲಿ ದುಡಿದ ನವರತ್ನ ರಾಮರಾಯರ 'ಕೆಲವು ನೆನಪುಗಳು' ಓದಿದವರಿಗೆ ಆ ಕುರ್ಚಿಯ ತೂಕ ಗೊತ್ತು. ಈಗ ಅಲ್ಲಿ ತಹಶೀಲ್ದಾರರು ಕೂತಿದ್ದಾರೆ. ಆದರೂ ನಾಗಮಂಗಲದ್ದಾಗಲಿ ಮಂಡ್ಯದ್ದಾಗಲಿ, ನ್ಯಾಯಾಲಯದ ಕನ್ನಡದಲ್ಲಿ ಪದ ಇನ್ನೂ ಜೀವದಿಂದಿದೆ. ಡಿಕ್ರಿ ಆದ ಮೇಲೆ ಅದನ್ನು ಜಾರಿ ಮಾಡಿಸಿಕೊಳ್ಳಲು ಹಾಕುವುದು 'ಅಮಲ್ಜಾರಿ' ಅರ್ಜಿ.

ಹಾಗಾದರೆ ಕಚೇರಿಯ ಪದ ಹೆಂಡದಂಗಡಿಗೆ ಹೋದದ್ದು ಹೇಗೆ? ಮೆಟ್ಟಿಲುಗಳು ಒಂದೊಂದಾಗಿ ಕಾಣುತ್ತವೆ. ಮಾಡುವುದು ಎಂಬುದರಿಂದ ನಡೆಸುವುದು, ನಡೆಸುವುದರಿಂದ ಆಳುವುದು, ಆಳುವುದರಿಂದ ಒಂದರ ಮೇಲೆ ಇನ್ನೊಂದರ ಪ್ರಭಾವ. ಮದ್ದು ಮೈಯೊಳಗೆ ತನ್ನ ಕೆಲಸ ನಡೆಸತೊಡಗಿದರೆ ಅದೂ ಅಮಲೇ. ಮರಾಠಿ ಈ ಮೆಟ್ಟಿಲುಗಳಲ್ಲಿ ಒಂದನ್ನೂ ಕಳೆದುಕೊಂಡಿಲ್ಲ. ಅಲ್ಲಿ 'ಅಂಮಲ್' ಎಂದರೆ ಆಳ್ವಿಕೆಯೂ ಹೌದು, ಮತ್ತೂ ಹೌದು. 'ಅಂಮಲಬಜಾವಣಿ' ಎಂದರೆ ಕಾನೂನು ಜಾರಿ, 'ಅಂಮಲೀ ಪದಾರ್ಥ' ಎಂದರೆ ಮಾದಕ ವಸ್ತು. ರಾಜಸ್ಥಾನದಲ್ಲಿ 'ಅಮಲ್' ಅಫೀಮಿನ ಹೆಸರೇ ಆಗಿ, ನೆಂಟರಿಗೆ ಅಂಗೈಯಲ್ಲಿ ಕುಡಿಸುವ ಉಪಚಾರವಾಯಿತು. ಪಂಜಾಬಿನಲ್ಲಿ 'ಅಮ್ಲಿ' ಅಂದರೆ ಅದರ ದಾಸ. ಕನ್ನಡದಲ್ಲಿ ಹುದ್ದೆ ಮರೆಯಾಗುತ್ತ ಬಂದಂತೆ ದಿನದ ಮಾತಿನಲ್ಲಿ ಮತ್ತಿನ ಅರ್ಥ ಮಾತ್ರ ಉಳಿಯಿತು. ಆದರೆ ಕ್ರಿಯಾಪದಗಳು ಹಳೆಯ ಗುಟ್ಟನ್ನು ಬಿಟ್ಟುಕೊಡುತ್ತವೆ. ಅಮಲು ಏರುತ್ತದೆ, ಇಳಿಯುತ್ತದೆ. ಅಧಿಕಾರಕ್ಕೂ ಜನ ಏರುತ್ತಾರೆ, ಇಳಿಯುತ್ತಾರೆ.

ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ನಡೆದ ಅಚ್ಚಕನ್ನಡ ಪದವೊಂದಿದೆ: ಸೊಕ್ಕು. ಹಳಗನ್ನಡದಲ್ಲಿ ಅದು ಮತ್ತು, ಮದ. ಮದವೇರಿದ ಆನೆ ಸೊಕ್ಕಾನೆ. ಇಂದು ಯಾರಾದರೂ 'ಅವನಿಗೆ ಸೊಕ್ಕು' ಎಂದರೆ ಕುಡಿದಿದ್ದಾನೆಂದು ಯಾರೂ ತಿಳಿಯುವುದಿಲ್ಲ, ದೊಡ್ಡಸ್ತಿಕೆ ತೋರಿಸುತ್ತಿದ್ದಾನೆ ಎಂದೇ ತಿಳಿಯುತ್ತಾರೆ. ನಮ್ಮ ಪದ ಮತ್ತಿನಿಂದ ದರ್ಪಕ್ಕೆ ಹೋಯಿತು, ಹೊರಗಿನಿಂದ ಬಂದದ್ದು ದರ್ಪದ ಹುದ್ದೆಯಿಂದ ಮತ್ತಿಗೆ ಬಂತು. ಇಬ್ಬರೂ ದಾರಿಯ ಮಧ್ಯೆ ಭೇಟಿಯಾಗಿ ಜಾಗ ಬದಲಿಸಿಕೊಂಡಂತಿದೆ. ಆಳುವುದೂ ಮೈಮರೆಯುವುದೂ ಅಕ್ಕಪಕ್ಕದ ಮನೆಗಳೆಂದು ಎರಡು ಬೇರೆ ಬೇರೆ ಭಾಷೆಗಳ ಅನುಭವ ಒಪ್ಪಿಕೊಂಡಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಮಲಿಗೆ ಒಡಹುಟ್ಟಿದವರೂ ಇದ್ದಾರೆ. ಅರಬ್ಬಿಯ ಅದೇ ಧಾತುವಿನಿಂದ ಬಂದ 'ಮುಆಮಲಾ' ನಮ್ಮಲ್ಲಿ ಮಾಮಲೆಯಾಗಿ, ಮುಂಬೈ ಕರ್ನಾಟಕದ ಮಾಮಲೇದಾರನನ್ನು ಕೊಟ್ಟಿತು. ಮತ್ತೊಂದು, ನಮಗೆ ತೀರ ಹತ್ತಿರದ್ದು, 'ಮಾಮೂಲು'. ಮಾಡಲ್ಪಟ್ಟದ್ದು, ಮಾಡುತ್ತ ಬಂದದ್ದು, ರೂಢಿಯದ್ದು ಎಂಬುದು ಅದರ ಮೂಲಾರ್ಥ. ಕಂದಾಯದ ಕಾಗದಗಳಲ್ಲಿ ಅದು ಮೊದಲಿನಿಂದ ಸಲ್ಲುತ್ತ ಬಂದ ಪಾವತಿ. ಸಲ್ಲಬಾರದ ಪಾವತಿಯೂ ಸಲ್ಲುತ್ತ ಸಲ್ಲುತ್ತ ರೂಢಿಯಾದಾಗ ಲಂಚಕ್ಕೂ ಮಾಮೂಲು ಎಂದೇ ಹೆಸರಾಯಿತು. ಇತ್ತ ಮಾತಿನಲ್ಲಿ ಅದು ಎಲ್ಲ ಆತಂಕವನ್ನೂ ಒರೆಸಿಹಾಕುವ ಪದ. ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ 'ಏನ್ಲಾ ಸಮಾಚಾರ?' ಎಂದು ಯಾರನ್ನಾದರೂ ಕೇಳಿ: 'ಏನೈತಣ್ಣ, ಮಾಮೂಲಿ' ಎಂಬ ಉತ್ತರ ಬರುತ್ತದೆ. ಬಾರಿನ ಹುಡುಗನೂ ಇದೇ ಪದವನ್ನು ಕೇಳಿಸಿಕೊಳ್ಳುತ್ತಾನೆ. ದಿನಾ ಬರುವ ಗಿರಾಕಿ ಬ್ರಾಂಡಿನ ಹೆಸರು ಹೇಳಬೇಕಿಲ್ಲ. 'ಮಾಮೂಲಿ ಕೊಡಪ್ಪ' ಎಂದರೆ ಸಾಕು.

ಈ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟಾಗಲೇ ಚಟದ ಅಂಗರಚನೆ ಕಾಣುವುದು. ಅಮಲು ಎಂದರೆ ಏರುವುದು. ಅದು ಒಂದು ಗಳಿಗೆ. ಮಾಮೂಲು ಎಂದರೆ ಏರಿದ್ದು ರೂಢಿಯಾಗಿ, ಏರಿದಂತೆಯೇ ಅನ್ನಿಸದಿರುವುದು. ಅದು ವರ್ಷಗಟ್ಟಲೆ. ಮೊದಲ ಗುಟುಕಿನ ಅಮಲನ್ನೇ ಮತ್ತೆ ಹುಡುಕುತ್ತ ಹೊರಟವನಿಗೆ ಸಿಗುವುದೆಲ್ಲ ಮಾಮೂಲು. ಮೈ ಒಗ್ಗಿಕೊಂಡಂತೆ ಅಳತೆ ಹೆಚ್ಚಬೇಕಾಗುತ್ತದೆ ಎಂದು ವೈದ್ಯರು ಹೇಳುವುದೂ ಇದನ್ನೇ.

ಮಂಡ್ಯ ಸೀಮೆಯ ಮಾತಿನಲ್ಲಿ ಇದಕ್ಕೆ ಬೇರೆ ಹೆಸರುಗಳೂ ಇವೆ. ಚಟ ಎಲ್ಲರೂ ಬಲ್ಲ ಪದ. ತೆವಲು ಬೈಗುಳಕ್ಕೆ ಹತ್ತಿರ. ಶೋಕಿ ಇನ್ನೂ ಕಿಸೆಯಲ್ಲಿ ದುಡ್ಡಿರುವ ಹಂತ. ಗ್ರಂಥದ ಪದ ವ್ಯಸನ. ಎತ್ತಿ ಎಸೆಯುವುದು ಎಂಬ ಧಾತುವಿನಿಂದ ಹುಟ್ಟಿದ್ದು ಅದು. ಮನುಷ್ಯನನ್ನು ಒಳಿತಿನಿಂದ ಆಚೆ ಎಸೆಯುವುದೇ ವ್ಯಸನವೆಂದು ಕೌಟಿಲ್ಯ ಬಿಡಿಸಿದ್ದಾನೆ. ಅವನ ಅರ್ಥಶಾಸ್ತ್ರದ ತಾಳೆಗರಿ ಬೆಳಕು ಕಂಡದ್ದು ಇಲ್ಲೇ ಪಕ್ಕದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎಂಟನೆಯ ಅಧಿಕರಣ ಪೂರ್ತಿ ವ್ಯಸನಗಳದ್ದು. ರಾಜನಿಗೆ, ಮಂತ್ರಿಗೆ, ನಾಡಿಗೆ, ಕೋಟೆಗೆ, ಬೊಕ್ಕಸಕ್ಕೆ ಬರುವ ವಿಪತ್ತುಗಳೆಲ್ಲ ಅಲ್ಲಿ ವ್ಯಸನಗಳೇ. ಬೇಟೆ, ಜೂಜು, ಹೆಣ್ಣು, ಕುಡಿತ ಆಸೆಯಿಂದ ಹುಟ್ಟುವ ನಾಲ್ಕು. ಜೂಜಿಗೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಪಗಡೆಯಲ್ಲಿ ಎಲ್ಲವನ್ನೂ ಸೋತ ಧರ್ಮರಾಯ ತಮ್ಮಂದಿರನ್ನು ಕಟ್ಟಿಕೊಂಡು ಅಲೆದ ಕಾಲದಲ್ಲಿ ಈ ಕಡೆ ತಂಗಿದ್ದನೆಂಬ ನಂಬಿಕೆಯಿಂದಲೇ ಪಾಂಡವಪುರಕ್ಕೆ ಆ ಹೆಸರು, ಕುಂತಿಬೆಟ್ಟಕ್ಕೆ ಆ ಕಥೆ. ಒಂದು ವ್ಯಸನದ ನೆನಪು ತಾಲ್ಲೂಕಿನ ಬೋರ್ಡಿನ ಮೇಲಿದೆ. ಹಳಬರ ಬಾಯಲ್ಲಿ ಈ ಪದಕ್ಕೆ ದುಃಖವೆಂಬ ಅರ್ಥವೇ ಮುಖ್ಯ. ಸಾವಿನ ಮನೆಯಲ್ಲಿ 'ವ್ಯಸನ ಪಡಬ್ಯಾಡ ಕಣವ್ವ' ಎನ್ನುವ ಅಜ್ಜಿಗೆ ಬಾಟಲಿಯ ನೆನಪೂ ಇರುವುದಿಲ್ಲ.

ನಮ್ಮ ಸಿನಿಮಾ ಬಹುಕಾಲ ಹಿಡಿದುಕೊಂಡದ್ದು ಈ ವ್ಯಸನವನ್ನು, ದುಃಖದ ಕುಡಿತವನ್ನು. ಅದರ ಮೂಲಪುರುಷ ದೇವದಾಸ. ಶರಶ್ಚಂದ್ರರ ಕಾದಂಬರಿ 1917ರಲ್ಲಿ ಬಂತು. 1935ರಲ್ಲಿ ಬರುವಾ, 1953ರಲ್ಲಿ ತೆಲುಗು–ತಮಿಳಿನಲ್ಲಿ ನಾಗೇಶ್ವರರಾವ್, 1955ರಲ್ಲಿ ಬಿಮಲ್ ರಾಯ್, 2002ರಲ್ಲಿ ಭನ್ಸಾಲಿ, ಹೀಗೆ ಒಂದೊಂದು ತಲೆಮಾರೂ ಅವನನ್ನು ಮತ್ತೆ ಕೊಂದಿತು. ಕನ್ನಡದಲ್ಲಿ ದೇವದಾಸ ರೂಢನಾಮವೇ ಆಗಿಹೋದ. ಗಡ್ಡ ಬಿಟ್ಟುಕೊಂಡು ಮೌನವಾಗಿರುವವನನ್ನು ಕಂಡರೆ 'ದೇವದಾಸ್ ಆಗ್ಬುಟ್ಟವ್ನೆ' ಎನ್ನುತ್ತಾರೆ. ಈ ಮಾದರಿಯ ಚಿತ್ರದಲ್ಲಿ ಕುಡಿತಕ್ಕೆ ಒಂದು ಕಾರಣ ಬೇಕು, ಕಾರಣಕ್ಕೆ ಒಬ್ಬಳು ಹುಡುಗಿ ಬೇಕು. ಅವನು ಕುಡಿದಷ್ಟೂ ಅವನ ಪ್ರೇಮ ದೊಡ್ಡದೆಂದು ನಾವು ನಂಬಬೇಕು. ಇದರ ಇನ್ನೊಂದು ಮುಖ ಬಾರಿನ ಹಾಡು. ಅಲ್ಲಿ ದುಃಖವನ್ನೂ ಒಗೆದು, ಬರಿಯ ಏರಿಕೆಯನ್ನು ಉಳಿಸಿಕೊಂಡಿರುತ್ತಾರೆ. ಎರಡರಲ್ಲೂ ಕಾಣುವುದು ಅಮಲಿನ ಗಳಿಗೆ. ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ದುಡ್ಡು ಎಲ್ಲಿ ಹೋಯಿತೆಂದು ಹೆಂಡತಿ ಕೇಳುವ ಗಳಿಗೆಗೆ ಕ್ಯಾಮರಾ ನಿಲ್ಲುವುದಿಲ್ಲ. 2012ರ ಅಕ್ಟೋಬರ್ 2ರಿಂದ ಸಿಗರೇಟು ಹೊತ್ತಿಸುವ ದೃಶ್ಯದ ಕೆಳಗೆ ಎಚ್ಚರಿಕೆಯ ಸಾಲು ಬರಲೇಬೇಕೆಂಬ ನಿಯಮವಾಯಿತು. ಮೇಲೆ ನಾಯಕನ ಸ್ಟೈಲು, ಕೆಳಗೆ ಸರ್ಕಾರದ ಎಚ್ಚರಿಕೆ. ಆ ಸಾಲೂ ಈಗ ಮಾಮೂಲಾಗಿ, ಯಾರ ಕಣ್ಣಿಗೂ ಬೀಳದಂತಾಗಿದೆ.

ಈ ರೂಢಿಯನ್ನು ಮುರಿದ ಚಿತ್ರ ಮಂಡ್ಯ ಜಿಲ್ಲೆಯಿಂದಲೇ ಬಂತು. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಜೊತೆಗೂಡಿ ಬರೆದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ನೊದೆಕೊಪ್ಪಲಿನ ಸುತ್ತಮುತ್ತ, ಅಲ್ಲಿನ ಜನರೇ ಅಭಿನಯಿಸಿ, ಅಲ್ಲಿನ ಮಾತಿನಲ್ಲೇ ತೆಗೆದ ಚಿತ್ರ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯ ತನಕ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆಂಬುದೇ ಕಥೆ. ಮಗ ಗಡ್ಡಪ್ಪ ಹೊಲಗದ್ದೆಯ ಬದುವಿನ ಮೇಲೆ ಅಲೆಯುತ್ತ, ಟೈಗರ್ ಬ್ರಾಂದಿ ಗುಟುಕರಿಸುತ್ತ ಓಡಾಡುವ ಮುದುಕ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ತನ್ನ ಕೈಗೆ ಬಂದು ಮಾರಾಟವಾಗಬೇಕೆಂಬ ಕನಸು. ಅಪ್ಪ ಸಹಕರಿಸದಿದ್ದಾಗ, ಬದುಕಿರುವ ಅಪ್ಪ ಸತ್ತನೆಂದೇ ಕಾಗದ ಮಾಡಿಸಲು ಹೊರಡುತ್ತಾನೆ, ಸಾಲ ಎತ್ತುತ್ತಾನೆ, ಅಪ್ಪನನ್ನು ಊರು ಬಿಡಿಸಿ ಕಳಿಸುತ್ತಾನೆ. ಮರಿಮಗ ಅಭಿಗೆ ಜೂಜು, ಜೊತೆಗೆ ಕುರಿಗಾಹಿ ಹುಡುಗಿಯ ಬೆನ್ನು.

ಕೌಟಿಲ್ಯನ ಪಟ್ಟಿ ಹಿಡಿದು ನೋಡಿದರೆ ಕುಡಿತ, ಜೂಜು, ಹೆಣ್ಣು ಮೂರೂ ಒಂದೇ ಮನೆಯಲ್ಲಿವೆ. ಆದರೆ ಚಿತ್ರ ಮುಗಿಯುವ ಹೊತ್ತಿಗೆ ಯಾರ ಅಮಲು ಮನೆ ಮುರಿಯಿತು ಎಂದು ಕೇಳಿದರೆ ಬೆರಳು ಕುಡುಕನ ಕಡೆ ಹೋಗುವುದಿಲ್ಲ. ಗಡ್ಡಪ್ಪನದು ತೀರ ಮಾಮೂಲಾಗಿ ಹೋದ ಕುಡಿತ. ಅದರಲ್ಲಿ ಏರಿಕೆಯೂ ಇಲ್ಲ, ದೇವದಾಸನ ಗೋಳೂ ಇಲ್ಲ. ಅವನ ನೋವು ಕುರಿಗಾಹಿಗಳ ಮುಂದೆ ತಣ್ಣಗೆ ಬಿಚ್ಚಿಕೊಳ್ಳುತ್ತದೆ, ಹಿನ್ನೆಲೆ ಸಂಗೀತದ ಹಂಗಿಲ್ಲದೆ. ತಮ್ಮಣ್ಣನೋ ಕುಡುಕನಲ್ಲ, ಬೆವರು ಸುರಿಸುವ ಸಂಸಾರಸ್ಥ. ಆದರೂ ಸುಳ್ಳಿನಿಂದ ಸುಳ್ಳಿಗೆ, ಸಾಲದಿಂದ ಸಾಲಕ್ಕೆ ಜಾರುವಾಗ ಅವನ ನಡಿಗೆಯೇ ತೂರಾಡುವ ನಡಿಗೆ. ಅವನನ್ನು ಹಿಡಿದಿರುವುದು ಖಾತೆ, ಪಹಣಿ, ವಾರಸು, ಪ್ರಮಾಣಪತ್ರಗಳ ಲೋಕ, ಹಿಂದೊಮ್ಮೆ ಅಮಲ್ದಾರ ಕೂತು ಆಳಿದ ಲೋಕ. ಅಮಲಿನ ಎರಡು ಜನ್ಮಗಳು, ಕಚೇರಿಯದ್ದು ಮತ್ತು ಬಾಟಲಿಯದ್ದು, ಒಂದೇ ಚಿತ್ರದಲ್ಲಿ ಅಪ್ಪ ಮಕ್ಕಳಾಗಿ ಎದುರುಬದುರು ನಿಂತದ್ದು ಕನ್ನಡದಲ್ಲಿ ಇಲ್ಲೇ. ಕುಡಿತ ನಿರಪಾಯವೆಂದು ಚಿತ್ರ ಹೇಳುತ್ತಿಲ್ಲ. ನಾವು ಚಟವೆಂದು ಕರೆಯಲು ಹಿಂಜರಿಯುವ ಆಸೆಗಳೂ ಅದೇ ರೀತಿ ಮನುಷ್ಯನನ್ನು ಆಳುತ್ತವೆ ಎಂದು ತೋರಿಸುತ್ತಿದೆ.

ಇನ್ನೊಂದು ಚಿತ್ರ ಪವನ್ ಕುಮಾರ್ ಅವರ 'ಲೂಸಿಯಾ' (2013). ಸಾರ್ವಜನಿಕರಿಂದ ಹಣ ಕೂಡಿಸಿ ಮಾಡಿದ ಈ ಚಿತ್ರದ ನಾಯಕ ಮಂಡ್ಯ ಜಿಲ್ಲೆಯವರೇ ಆದ ಸತೀಶ್ ನೀನಾಸಂ. ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಲೂಸಿಯಾ ಎಂಬ ಮಾತ್ರೆ ನುಂಗಿದರೆ ಬೇಕಾದ ಕನಸು ಬೀಳುತ್ತದೆ, ಆ ಕನಸಿನಲ್ಲಿ ಅವನು ಸಿನಿಮಾ ತಾರೆ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ, ರಾಯಗೋಪುರದ ಕೆಳಗೆ ಶೂಟಿಂಗು ನೋಡುತ್ತ ಬೆಳೆದ ಹುಡುಗರಿಗೆ ಈ ಕನಸು ಹೊಸದಲ್ಲ. ಪಾಂಡವಪುರ, ನಾಗಮಂಗಲ ಕಡೆಯಿಂದ ಗಾಂಧಿನಗರಕ್ಕೆ ಬಸ್ಸು ಹತ್ತಿದವರು ಎಷ್ಟೋ ಮಂದಿ. ಆದರೆ ಚಿತ್ರದ ಕೊನೆಗೆ ಎಲ್ಲ ತಲೆಕೆಳಗಾಗುತ್ತದೆ. ಕಪ್ಪುಬಿಳುಪಿನಲ್ಲಿ ಕಂಡ ತಾರೆಯ ಬದುಕೇ ನಿಜ, ಬಣ್ಣದಲ್ಲಿ ಕಂಡ ಟಾರ್ಚಿನ ಹುಡುಗನೇ ಕನಸು. ಹೆಸರು, ಹಣ, ಜನಜಂಗುಳಿಯ ಅಮಲಿನಲ್ಲಿರುವವನು ಮಾತ್ರೆ ನುಂಗಿ ಹಂಬಲಿಸಿದ್ದು ಏನಕ್ಕೆ? ಒಬ್ಬ ಮಾಮೂಲಿ ಮನುಷ್ಯನಾಗುವುದಕ್ಕೆ. ನಮ್ಮ ಎರಡು ಪದಗಳು ಇಲ್ಲಿ ಮತ್ತೆ ಜಾಗ ಬದಲಿಸಿಕೊಂಡಿವೆ. ಅಮಲು ಮಾಮೂಲಾದವನಿಗೆ ಮಾಮೂಲೇ ಅಮಲಾಗಿ ಕಾಣುತ್ತದೆ.

ಹೊರಗಿನ ಚಿತ್ರಗಳಲ್ಲಿ ಅಮಲು ಮಾಮೂಲಾಗುವುದನ್ನು ಕಟ್ಟುನಿಟ್ಟಾಗಿ ತೋರಿಸಿದ್ದು ಡ್ಯಾರೆನ್ ಅರೊನಾಫ್‌ಸ್ಕಿಯ 'ರಿಕ್ವಿಯಂ ಫಾರ್ ಎ ಡ್ರೀಮ್' (2000). ಟಿವಿಯಲ್ಲಿ ಕಾಣಿಸಿಕೊಳ್ಳುವ ಆಸೆಗೆ ತೂಕ ಇಳಿಸುವ ಮಾತ್ರೆ ಶುರುಮಾಡುವ ಸಾರಾ ಎಂಬ ಒಂಟಿ ತಾಯಿ, ಹೆರಾಯಿನ್ನಿಗೆ ಬಿದ್ದ ಮಗ ಹ್ಯಾರಿ, ಅವನ ಗೆಳತಿ, ಗೆಳೆಯ. ಅವರು ಮದ್ದು ತೆಗೆದುಕೊಳ್ಳುವ ಪ್ರತಿ ಸಲವೂ ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಅವೇ ತುಣುಕುಗಳು ಬಂದುಹೋಗುತ್ತವೆ, ಅಗಲವಾಗುವ ಕಣ್ಣಪಾಪೆಯೂ ಸೇರಿ. ಮೊದಲ ಸಲ ಅದು ರೋಮಾಂಚನ. ಹತ್ತನೆಯ ಸಲಕ್ಕೆ ಬೇಸರ. ಆ ಬೇಸರವನ್ನು ನೋಡುವವನ ಮೈಗೇ ಹತ್ತಿಸುವುದು ನಿರ್ದೇಶಕನ ಹಂಚಿಕೆ. ಮಗನ ಚಟಕ್ಕೆ ಪೊಲೀಸರಿದ್ದಾರೆ, ತಾಯಿಯ ಚಟಕ್ಕೆ ವೈದ್ಯರ ಚೀಟಿಯಿದೆ. ನಾಶ ಮಾತ್ರ ಇಬ್ಬರಿಗೂ ಒಂದೇ.

ಪರದೆಯಿಂದ ಊರಿಗೆ ಇಳಿದರೂ ಇದೇ ಕಥೆ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದಾಗ ಹಳ್ಳಿಗಳಲ್ಲಿ ಪ್ಯಾಕೆಟ್ಟು ಹೋಗಿ ಕ್ವಾಟ್ರು ಬಂತು. ಪದ ಬದಲಾಯಿತು, ಮಾಮೂಲು ಮುಂದುವರಿಯಿತು. ಮಹಾಂತ ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆ ಬೇಡಿದ ಇಳಕಲ್ಲಿನ ಮಹಾಂತ ಶಿವಯೋಗಿಗಳ ಹುಟ್ಟಿದ ದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಈಗ ಆ ಜೋಳಿಗೆಗೆ ಮೊಬೈಲನ್ನೂ ಹಾಕಿಸಿಕೊಳ್ಳಬೇಕಾದ ಕಾಲ ಬಂದಿದೆ. ರಮ್ಮಿ, ಕ್ರಿಕೆಟ್ ಬೆಟ್ಟಿಂಗು ಅರಳಿಕಟ್ಟೆಯಿಂದ ಅಂಗೈಗೆ ಬಂದಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ ನಿಷೇಧಿಸಿದ ಕಾಯ್ದೆಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆಯ ಬಲವಿರುವುದು ಅದರ ಅಮಲ್ಜಾರಿಯಲ್ಲಿ.

ಸಿನಿಮಾಕ್ಕೆ ಈ ಅಂಗೈಯ ಜೂಜು ದೊಡ್ಡ ಸವಾಲು. ಕುಡಿದವನ ತೊದಲು, ತೂರಾಟ ನಮ್ಮ ನಟರಿಗೆ ಕರಗತ. ಆದರೆ ಫೋನಿನ ಜೂಜಿಗೆ ವಾಸನೆಯಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಕಾಲು ಸೋಲುವುದಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡೇ, ಕಬ್ಬಿನ ಗಾಡಿ ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಂತಿರುವಾಗಲೇ ಹೆಬ್ಬೆರಳು ಆಡುತ್ತಿರುತ್ತದೆ. ಅಲ್ಲಿ ತೋರಿಸಲು ಅಮಲಿಲ್ಲ, ಇರುವುದೆಲ್ಲ ಮಾಮೂಲು. ಅದನ್ನು ತೋರಿಸಬೇಕಾದರೆ ಕ್ಯಾಮರಾ ಬಾರಿನ ಬೆಳಕು ಬಿಟ್ಟು ಲೇವಾದೇವಿ ಚೀಟಿ, ಒತ್ತೆಗೆ ಹೋದ ಓಲೆ, ರಿಂಗಾದರೂ ಎತ್ತದ ಕರೆಗಳ ಮೇಲೆ ಬಹಳ ಹೊತ್ತು ನಿಲ್ಲಬೇಕು. ಮನೆಯವರಿಗೂ ಇದೇ ಮಾತು. 'ಏನಿಲ್ಲ ಬುಡವ್ವ, ಮಾಮೂಲಿ' ಎಂಬ ಉತ್ತರ ಬಂದಾಗ ಅಲ್ಲಿಗೇ ಬಿಡದೆ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವಾಗಿನಿಂದ ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳಿಂದಲೇ ಶುರುವಾಗುವ ಕನ್ನಡ ಚಿತ್ರವೊಂದು ಬಂದರೆ, ಮನುಷ್ಯನನ್ನು ಇನ್ನೊಂದು ವಸ್ತು ಆಳುವುದು ಎಂಬ ಅಮಲಿನ ಹಳೆಯ ಅರ್ಥಕ್ಕೆ ನ್ಯಾಯ ಸಿಕ್ಕೀತು.